ಬಿಳೇಕಹಳ್ಳಿಯ ತಾರಸಿಯಲ್ಲಿ ಎರಡು ತಾಟು

ಅಕ್ಕ ರಕ್ತದಾನ ಮಾಡಿ ಬಂದ ಮರುದಿನ ಭಾನುವಾರ ನಾವಿಬ್ಬರೂ ಬಾಡಿಗೆ ಕೋಣೆಯ ಮುಂದಿನ ತಾರಸಿಯಲ್ಲಿ ಕುಳಿತು ಒಂದೇ ತಾಟಿನಲ್ಲಿ ಜೋಳದ ರೊಟ್ಟಿ ಉಣ್ಣುತ್ತಿದ್ದೆವು. ಬಟ್ಟೆ ಒಣಗಹಾಕಲು ಮೇಲೆ ಬಂದ ಮನೆ ಓನರ್ ಜಯಮ್ಮ ಆಂಟಿ ಬಕೆಟ್ ಹಿಡಿದುಕೊಂಡೇ ನಿಂತರು.

“ಇದೇನಮ್ಮಾ, ಇಬ್ಬರಿಗೂ ಒಂದೇ ತಟ್ಟೆ? ನಮ್ಮನೇಲಿ ಬೇಕಾದಷ್ಟಿದೆ, ಎರಡು ತಂದ್ಕೊಡ್ಲಾ?”

“ತಾಟ ಅದಾವ್ರಿ ಆಂಟಿ. ಇಕಿ ಒಬ್ಬಾಕೀನ ಕುಂತ್ರ ಉಣ್ಣಂಗಿಲ್ರಿ,” ಎಂದಳು ಅಕ್ಕ.

“ನಾಳೆ ಇವಳ ಗಂಡನ ಮನೇಗೂ ಹೋಗಿ ಪಕ್ಕದಲ್ಲಿ ಕೂತ್ಕೋತೀಯಾ?”

“ಹೋಗೂದರಿ. ಮೂರ ಮಂದಿ ಉಣ್ಣುವಂಥ ದೊಡ್ಡ ತಾಟ ತಗೊಂಡ ಹೋಗ್ತೀನಿ.”

ಆಂಟಿ ನಕ್ಕರು. ನನಗೆ ನಾಚಿಕೆಯಾಯಿತು. ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಅಕ್ಕ ತಂಗಿ ಕೂಡಿ ಉಂಡರೆ ಯಾರೂ ನಿಂತು ನೋಡುವುದಿಲ್ಲ. ಬೇರೆ ಬೇರೆ ಬಡಿಸಿಕೊಂಡರೆ ಜಗಳವೇನು ಎಂದು ಕೇಳುತ್ತಾರೆ. ಇಲ್ಲಿ ನಮ್ಮ ಊಟವೂ ಇನ್ನೊಬ್ಬರು ನಿಂತು ನೋಡುವಂಥದ್ದು ಎಂದು ಆವತ್ತು ತಿಳಿಯಿತು. ನಾವು ಹಾಗೆ ಉಂಡದ್ದು ಅದೇ ಕೊನೆ.

ಅಕ್ಕ ನೀಲವ್ವ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಮೊದಲು ಅವಳೇ ಬೆಂಗಳೂರಿಗೆ ಬಂದು ಬಿ.ಟಿ.ಎಂ.ನ ಒಂದು ಪಿ.ಜಿ.ಯಲ್ಲಿ ಅಡುಗೆಗೆ ಸೇರಿದಳು. ಪಿ.ಜಿ. ಎಂದರೆ ಆಫೀಸಿಗೆ ಹೋಗುವ ಮಕ್ಕಳು ಊಟ ಸಮೇತ ಬಾಡಿಗೆಗಿರುವ ಮನೆ. ಆಮೇಲೆ ನನ್ನನ್ನು ಕರೆಸಿಕೊಂಡಳು. ನೇಕಾರರ ಓಣಿಯಲ್ಲಿ ಬೆಳೆದ ನನಗೆ ಜಯನಗರದ ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ಮಗ್ಗದ ಸದ್ದಿಗೆ ಏಳುತ್ತಿದ್ದೆವು, ಇಲ್ಲಿ ನೀರಿನ ಟ್ಯಾಂಕರ್ ಸದ್ದಿಗೆ. ಆಂಟಿಯ ಮಾವನ ಕಾಲದಲ್ಲಿ ಈ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಅವರ ಮನೆಯ ಮುದ್ದೆ ಅಕ್ಕನಿಗೆ ಬೇಗ ಹಿಡಿಸಿತು. ನನಗೆ ಈಗಲೂ ಗಂಟಲಲ್ಲಿ ಇಳಿಯುವುದಿಲ್ಲ.

ಆ ಸೋಮವಾರ ರಕ್ತನಿಧಿಯಿಂದ ಫೋನ್ ಬಂತು. ಅಕ್ಕನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ, ಡಾಕ್ಟರಿಗೆ ತೋರಿಸಿ ಎಂದರು. ಅವಳಿಗೆ ಜ್ವರವಿರಲಿಲ್ಲ, ಕಣ್ಣು ಹಳದಿಯಾಗಿರಲಿಲ್ಲ, ಬೆಳಿಗ್ಗೆಯಷ್ಟೇ ಇನ್ನೂರು ಚಪಾತಿ ಲಟ್ಟಿಸಿ ಬಂದಿದ್ದಳು.

ಡಾಕ್ಟರ್ ವಯಸ್ಸಾದವರು, ಸಮಾಧಾನದಿಂದ ಹೇಳಿದರು. “ನೋಡಮ್ಮಾ, ಈ ವೈರಸ್ಸು ಲಿವರ್‌ನಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತೆ. ಏನೂ ಗೊತ್ತಾಗಲ್ಲ. ಒಳಗೊಳಗೇ ಲಿವರ್ ಹಾಳಾಗ್ತಿರುತ್ತೆ. ದಿನಾ ಒಂದು ಮಾತ್ರೆ ತಗೊಂಡ್ರೆ ಹಿಡಿತದಲ್ಲಿರುತ್ತೆ. ನನ್ನ ಕೇಳದೆ ನಿಲ್ಲಿಸ್ಬೇಡ, ಅಷ್ಟೇ.”

ಎಲ್ಲಿಂದ ಬಂತು ಎಂದು ಅಕ್ಕ ಕೇಳಿದಳು. ಹೆರಿಗೆಯಲ್ಲಿ ತಾಯಿಯಿಂದ ಬಂದಿರಬಹುದು, ರಕ್ತ ತಾಗಿದ ಸೂಜಿಯಿಂದ ಬಂದಿರಬಹುದು, ದೇಹಸಂಬಂಧದಿಂದಲೂ ಬರುತ್ತದೆ, ಈಗ ಹೇಳಲಾಗದು ಎಂದರು. ಅಕ್ಕ ತನ್ನ ಮುಂಗೈ ನೋಡಿಕೊಂಡಳು. ಚಿಕ್ಕವಳಿದ್ದಾಗ ಹಚ್ಚೆ ಹಾಕುವಾಕೆ ಓಣಿಯ ಹುಡುಗಿಯರಿಗೆಲ್ಲ ಒಂದೇ ಸೂಜಿಯಲ್ಲಿ ಚುಚ್ಚಿದ್ದಳು.

ನನ್ನನ್ನೂ ಪರೀಕ್ಷೆ ಮಾಡಿದರು. ನನಗೆ ಇರಲಿಲ್ಲ. ಮೂರು ಸಲ ಲಸಿಕೆ ಹಾಕಿಸಿಕೊಳ್ಳಲು ಹೇಳಿದರು. “ಬ್ಲೇಡು, ಉಗುರು ಕತ್ತರಿಸೋದು, ಹಲ್ಲುಜ್ಜೋ ಬ್ರಷ್ಷು ಬೇರೆ ಇಟ್ಕೊಳ್ಳಿ. ಜೊತೇಲಿ ಊಟ ಮಾಡಿದ್ರೆ, ಮುಟ್ಟಿದ್ರೆ ಏನೂ ಆಗಲ್ಲ,” ಎಂದರು.

ಊಟದ ಮಾತನ್ನೂ ನಾನು ಕೇಳಿಸಿಕೊಂಡಿದ್ದೆ. ಆದರೆ ಬ್ರಷ್ ಬೇರೆ ಇಡಬೇಕಾದರೆ ತಾಟು ಬೇಡವೇ ಎಂದು ಮನಸ್ಸು ಕೇಳಿತು. ನಮ್ಮ ಕಡೆ ಕಣ್ಣು ಹಳದಿಯಾಗುವುದಕ್ಕೆಲ್ಲ ಕಾಮಣಿ ಎನ್ನುತ್ತಾರೆ. ಕಾಮಣಿ ಆದವರ ಎಂಜಲು ಮುಟ್ಟಬಾರದು ಎಂದು ಕೇಳಿಯೇ ಬೆಳೆದವಳು ನಾನು. ಅಂದು ಮಧ್ಯಾಹ್ನ ಎರಡು ತಾಟಿನಲ್ಲಿ ಬಡಿಸಿದೆ. ಅಕ್ಕ ಎರಡನ್ನೂ ನೋಡಿದಳು, ತನ್ನದನ್ನು ಎಳೆದುಕೊಂಡಳು.

ಕೆಲವು ದಿನಗಳ ನಂತರ ಆಂಟಿ ಮತ್ತೆ ಮೇಲೆ ಬಂದರು. “ಏನ್ರಮ್ಮಾ, ತಟ್ಟೆ ಎರಡಾಗೋಯ್ತು? ಜಗಳಾನಾ?”

“ನಿಮ್ಮ ಊರ ರೂಢಿ ಕಲ್ತೇವ್ರಿ ಆಂಟಿ,” ಎಂದಳು ಅಕ್ಕ.

ಆಂಟಿಗೆ ಖುಷಿಯಾಯಿತು. ಅಕ್ಕ ನಕ್ಕಳು. ನಾನು ತಾಟು ತೊಳೆಯಲು ಎದ್ದೆ.

ಪಿ.ಜಿ.ಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಅಡುಗೆಯವಳಿಗೆ ಲಿವರ್ ಕಾಯಿಲೆ ಎಂದರೆ ಯಾರು ಇಟ್ಟುಕೊಳ್ಳುತ್ತಾರೆ? ಅನ್ನದಿಂದ ಇದು ಹರಡುವುದಿಲ್ಲ ಎಂದು ಅವರನ್ನು ನಂಬಿಸುವುದು ಹೇಗೆ? ಒಡಹುಟ್ಟಿದ ನಾನೇ ನಂಬಿರಲಿಲ್ಲ. ನನ್ನ ಮೂರೂ ಲಸಿಕೆ ಮುಗಿದವು. ಆಮೇಲೂ ತಾಟುಗಳು ಎರಡೇ ಉಳಿದವು. ರೂಢಿಯಾಗಿತ್ತು, ಅಷ್ಟೇ.

ಒಂದೂವರೆ ವರ್ಷ ಅಕ್ಕ ತಪ್ಪದೆ ಮಾತ್ರೆ ನುಂಗಿದಳು. ಒಮ್ಮೆ ರಕ್ತದಲ್ಲಿ ವೈರಸ್ ಕಾಣಿಸುತ್ತಿಲ್ಲ ಎಂದು ರಿಪೋರ್ಟ್ ಬಂತು. ಮಾತ್ರೆಯ ಬಲದಿಂದ ಅದು ಅಡಗಿ ಕೂತಿದೆ ಎಂದು ನಮಗೆ ಹೊಳೆಯಲಿಲ್ಲ. ಎರಡು ತಿಂಗಳ ನಂತರ ಒಂದು ರಾತ್ರಿ ಅವಳು ದೊಡ್ಡ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸಿಕೊಂಡು ನನ್ನ ಮುಂದೆ ಇಟ್ಟಳು.

“ಗುಳಿಗಿ ಬಿಟ್ಟು ತಿಂಗಳಾತು. ನೋಡು, ಗಟ್ಟಿ ಅದೀನಿ. ಈಗರ ನನ್ನ ಕೂಡ ಉಣ್ಣು ಬಾ ಬೇ.”

ಮಾತ್ರೆ ಯಾಕೆ ಬಿಟ್ಟೆ ಎಂದು ನಾನು ಗದರಬೇಕಿತ್ತು. ಇಲ್ಲವೇ ಕುಳಿತು ಉಣ್ಣಬೇಕಿತ್ತು. ಎರಡನ್ನೂ ಮಾಡಲಿಲ್ಲ. ಅಂಗಡಿಯಲ್ಲಿ ಇಡೀ ದಿನ ನಿಂತು ಕಾಲು ಸೋತಿತ್ತು. “ನನಗ ಹಸಿವಿಲ್ಲಕ್ಕ, ನಾಳೆ ನೋಡೂಣು,” ಎಂದು ಅಡ್ಡಾದೆ. ಅವಳು ಒಬ್ಬಳೇ ಅಷ್ಟನ್ನೂ ಉಂಡಳು.

ಮುಂದಿನ ಹಬ್ಬದ ಹೊತ್ತಿಗೆ ಅವಳ ಕಣ್ಣು ಹಳದಿಯಾಯಿತು. ಊರಿಗೆ ಹೋಗಿ ಹದಿನೈದು ದಿನ ಕಾಮಣಿ ಔಷಧಿ ಕುಡಿದಳು. ಹೊಟ್ಟೆ ಉಬ್ಬಿಸಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಅದೇ ಡಾಕ್ಟರ್ ಕೇಳಿದ್ದು ಒಂದೇ ಮಾತು: “ಮಾತ್ರೆ ಯಾವಾಗ ನಿಲ್ಲಿಸಿದ್ಳು?” ಒಂಬತ್ತನೇ ದಿನ ಅಕ್ಕ ಹೋದಳು.

ಆ ವಾರ್ಡಿನ ನರ್ಸ್ ಹಾಸನದ ಕಡೆಯವರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೆಪಟೈಟಿಸ್‌ನಲ್ಲಿ ಎ ಮತ್ತು ಇ ಕೊಳಕು ನೀರಿನಿಂದ, ತಿನ್ನುವುದರಿಂದ ಬರುತ್ತವೆ, ಸಾಮಾನ್ಯವಾಗಿ ತಾವೇ ವಾಸಿಯಾಗುತ್ತವೆ. ಬಿ ಮತ್ತು ಸಿ ಹೆಚ್ಚಾಗಿ ರಕ್ತದಿಂದ ಬಂದು ಒಳಗೇ ನಿಲ್ಲಬಹುದು. “ನಿಮ್ಮೂರಲ್ಲಿ ಎಲ್ಲಕ್ಕೂ ಒಂದೇ ಹೆಸರು ಇಟ್ಕೊಂಡಿದೀರ, ಅಲ್ವಾ? ನಮ್ಮೂರಲ್ಲೂ ಅಷ್ಟೇ ಕಣಮ್ಮ,” ಎಂದರು. ನಾನು ಅವರಿಗೆ ತಾಟಿನ ವಿಷಯ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ಊರಲ್ಲಿ ಮಣ್ಣು ಮಾಡಿ ಬಂದೆ. ಅಲ್ಲಿ ಚಿಕ್ಕಮ್ಮ “ಬೆಂಗಳೂರಿಗೆ ಯಾವಾಗ ಹೊಂಟಿ?” ಎಂದು ಕೇಳಿದಳು. ಇಲ್ಲಿ ಅಂಗಡಿಯವರು “ಊರಿಗೆ ಯಾವಾಗ ವಾಪಸ್ ಹೋಗ್ತೀರಾ?” ಎಂದು ಕೇಳುತ್ತಾರೆ. ಹಚ್ಚೆ ಹಾಕಿಸಿಕೊಂಡಿದ್ದ ಓಣಿಯ ಹೆಂಗಸರಿಗೆ ರಕ್ತ ಪರೀಕ್ಷೆ ಮಾಡಿಸಲು ಹೇಳಿ ಬಂದಿದ್ದೇನೆ. ಇಬ್ಬರು ಮಾಡಿಸಿದ್ದಾರೆ. ಉಳಿದವರು ಬೆಂಗಳೂರಿನಾಕಿಯ ಮಾತು ಎಂದು ನಕ್ಕರಂತೆ.

ಕಳೆದ ಭಾನುವಾರ ಜಯಮ್ಮ ಆಂಟಿ ಮುದ್ದೆ ಸಾರು ತಂದು ನನ್ನ ಎದುರು ಕುಳಿತರು. “ಒಬ್ಬಳೇ ಉಣ್ಬೇಡ ಮಗಳೇ,” ಎಂದು ನನ್ನ ತಟ್ಟೆಗೇ ಕೈ ಹಾಕಿ ಒಂದು ತುತ್ತು ಮುರಿದುಕೊಂಡರು. ಅವರಿಗೆ ಈ ರೂಢಿ ಇಲ್ಲ, ನಮ್ಮಿಂದ ಕಲಿತದ್ದು. ನಾನೂ ಉಂಡೆ.

ಗೂಡಿನಲ್ಲಿ ಎರಡೂ ತಾಟು ಇವೆ. ಅಕ್ಕ ಇಲ್ಲ.