ಫೋನಕ್ಕನ ಬೆಳಗಿನ ಕರೆಗಳು

ಬೆಳಗಿನ ಐದೂವರೆ. ದೊಡ್ಡಾಸ್ಪತ್ರೆಯ ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಟೆಲಿಫೋನ್ ಆಪರೇಟರ್ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ವಾರ್ಡಿನ ಸಿಸ್ಟರ್ ಹೇಳಿದ್ದನ್ನು ಪಟಪಟನೆ ಬರೆದುಕೊಳ್ಳುತ್ತಿದ್ದಾರೆ: ಯಾರಿಗೆ ಜ್ವರ ಇಳಿಯಿತು, ಯಾರು ನಿದ್ದೆಯಿಲ್ಲದೆ ಹೊರಳಾಡಿದರು, ಯಾರು ಊಟ ಬೇಡವೆಂದು ಮುನಿಸಿಕೊಂಡರು. ಎಂಟು ಗಂಟೆಯೊಳಗೆ ಅರವತ್ತು ಮನೆಗಳಿಗೆ ಸುದ್ದಿ ಮುಟ್ಟಬೇಕು. ಆಸ್ಪತ್ರೆಗೆಲ್ಲ ಅವರು ಫೋನಕ್ಕ.

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಅವರು ಮರೆಯಲಾರದ್ದು ಮಹಾಮಾರಿಯ ದಿನಗಳನ್ನು. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಗೇಟಿನಲ್ಲಿ ಜನವೋ ಜನ. ಯಾರು ಕೇಳಿದರೂ "ವಿಚಾರಿಸಿ ಹೇಳ್ತೀವಿ" ಅನ್ನಬೇಕೆಂದು ಮೇಲಿನವರ ಅಪ್ಪಣೆ. ಒಂದು ದಿನ ಒಬ್ಬ ಹೆಣ್ಣುಮಗಳು ಹತ್ತೊಂಬತ್ತು ಸಲ ಫೋನ್ ಮಾಡಿದಳು. ಕೊನೆಗೆ ಕೇಳಿದ್ದು ಇಷ್ಟೇ: "ಅಪ್ಪ ಏನಾದ್ರೂ ತಿಂದ್ರಾ? ಅಷ್ಟು ಹೇಳಿ, ಸಾಕು."

ಫೋನಕ್ಕ ಆಗಲೇ ವಾರ್ಡಿಗೆ ಫೋನ್ ಮಾಡಿದರು. ಸಿಸ್ಟರನ್ನು ಕೇಳಿ, ಅರ್ಧ ಲೋಟ ಹಾಲು ಕುಡಿದಿದ್ದಾರೆಂದು ತಿಳಿಸಿದರು. ಆ ಮಗಳು ಅತ್ತು ಹಗುರಾದಳು; ಆ ದಿನ ಮತ್ತೆ ಫೋನ್ ಮಾಡಲಿಲ್ಲ. ಮರುದಿನದಿಂದ ಯಾರ ಅಪ್ಪಣೆಗೂ ಕಾಯದೆ ಫೋನಕ್ಕ ತಾವೇ ಎಲ್ಲ ಮನೆಗಳಿಗೂ ಫೋನ್ ಮಾಡತೊಡಗಿದರು. ನಾಲ್ಕೇ ದಿನಕ್ಕೆ ಗೇಟಿನ ನೂಕುನುಗ್ಗಲು ಕರಗಿತು.

ಪೊಲೀಸರಿಂದಲೂ ಚದುರಿಸಲಾಗದ ಗುಂಪು ಹೇಗೆ ಕರಗಿತೆಂದು ತಿಳಿಯಲು ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿ ಈ ಕೋಣೆಗೇ ಬಂದರು. ಬೈಗುಳಕ್ಕೆ ಮನಸ್ಸು ಗಟ್ಟಿಮಾಡಿಕೊಂಡಿದ್ದ ಫೋನಕ್ಕ ನೇರವಾಗಿ ಹೇಳಿದರು: "ಕೆಟ್ಟ ಸುದ್ದಿನೂ ಜನ ತಡ್ಕೋತಾರೆ ಸರ್. ಏನೂ ಗೊತ್ತಾಗದೆ ಕೂರೋದು ಮಾತ್ರ ಅವರ ಕೈಲಿ ಆಗಲ್ಲ." ಅಧಿಕಾರಿ ಸ್ಟೂಲೆಳೆದುಕೊಂಡು ಒಂದು ಗಂಟೆ ಕೇಳಿಸಿಕೊಂಡರು. ವಾರದೊಳಗೆ ಎಲ್ಲ ಆಸ್ಪತ್ರೆಗಳಿಗೂ ಆದೇಶ ಹೋಯಿತು: ದಿನಕ್ಕೊಂದು ಕರೆ, ಇದ್ದದ್ದು ಇದ್ದ ಹಾಗೆ. "ಅಷ್ಟು ದೊಡ್ಡವರು ಕೂತು ಕೇಳಿದ್ರಲ್ಲ, ಆ ಉಪಕಾರ ಮರೆಯಲ್ಲ" ಎನ್ನುತ್ತಾರೆ ಫೋನಕ್ಕ.

ಆ ದಿನಗಳಲ್ಲಿ ಸಿಸ್ಟರ್ ಓದಿ ಹೇಳುತ್ತಿದ್ದ ರೋಗಿಗಳ ಪಟ್ಟಿಯಲ್ಲಿ ಒಂಬತ್ತು ದಿನ ಫೋನಕ್ಕನ ಗಂಡನ ಹೆಸರೂ ಇತ್ತು, ಮೂವತ್ತೊಂದನೆಯದಾಗಿ. ಮೂವತ್ತು ಮನೆಯ ಸುದ್ದಿ ಬರೆದುಕೊಂಡ ಮೇಲೆಯೇ ಅವರ ಸರದಿ. ಮೊದಲೇ ಕೇಳಿಬಿಡಬಹುದಿತ್ತಲ್ಲ ಎಂದರೆ ನಗುತ್ತಾರೆ: ಕೇಳಿದ್ದರೆ ಉಳಿದವರ ಸುದ್ದಿ ಬರೆಯಲು ಕೈ ಬರುತ್ತಿರಲಿಲ್ಲವಂತೆ. ಗಂಡ ಗುಣವಾಗಿ ಮನೆಗೆ ಬಂದರು. ಅವರನ್ನು ನೋಡಿಕೊಂಡ ಆ ಸಿಸ್ಟರಿಗೆ ಫೋನಕ್ಕ ಕೈಮುಗಿಯದ ದಿನವಿಲ್ಲ.

ಮುಂದಿನ ಸಾಂಕ್ರಾಮಿಕಕ್ಕೆಂದು ಸರ್ಕಾರ ಈಗ ಕೈಪಿಡಿ ಬರೆಸುತ್ತಿದೆ. ಸಮಿತಿಯವರು ಫೋನಕ್ಕನನ್ನೂ ಕರೆಸಿ, ಏನು ಬೇಕೆಂದು ಕೇಳಿದರಂತೆ. ತಮಗೇನೂ ಬೇಡವೆಂದ ಅವರು ಒಂದೇ ಮಾತು ಬರೆದುಕೊಳ್ಳಲು ಹೇಳಿ ಬಂದಿದ್ದಾರೆ.

"ನಾನು ಶುರು ಮಾಡೋ ಹೊತ್ತಿಗೆ ನಲವತ್ತು ದಿನ ಕಳೆದುಹೋಗಿತ್ತು. ಆ ನಲವತ್ತು ದಿನ ಫೋನ್ ಮಾಡಿದವರಿಗೆಲ್ಲ ನಾನು ಏನೂ ಹೇಳಲಿಲ್ಲ. ಮುಂದಿನ ಸಲ ಮೊದಲನೇ ದಿನದಿಂದಲೇ ಹೇಳಿ."