ಅಡ್ಡ ನಿಲ್ಲುವ ಕೆಲಸ

ರೋಬೋಟ್ ಸ್ಪರ್ಧೆಗೆಂದು ಗುಂಡ್ಲುಪೇಟೆಯ ನಮ್ಮ ಹೈಸ್ಕೂಲಿನಿಂದ ನಾವು ನಾಲ್ಕು ಹುಡುಗಿಯರು ಚಾಮರಾಜನಗರಕ್ಕೆ ಹೋಗಿದ್ದೆವು. ಯಂತ್ರ ಓಡಿಸುವವಳು ನಾನು. ಅದಕ್ಕೊಂದು ಕೈ ಮಾಡಿಕೊಟ್ಟವಳು ನನ್ನ ಗೆಳತಿ. ಮುರಿದ ಕೊಡೆಯ ಕಡ್ಡಿ, ಸೈಕಲ್ ಬ್ರೇಕಿನ ವೈರು ಸೇರಿಸಿ ಅವಳು ಮಾಡಿದ್ದ ಆ ಕೈ ನೆಲದ ಮೇಲಿನ ಚೆಂಡನ್ನು ಮೆತ್ತಗೆ ಎತ್ತಿ ಬುಟ್ಟಿಗೆ ಹಾಕುತ್ತಿತ್ತು. ತೀರ್ಪುಗಾರರು ಒಮ್ಮೆ ನೋಡಿದರೆ ಸಾಕು, ರಾಜ್ಯಮಟ್ಟಕ್ಕೆ ನಾವೇ ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಅಲ್ಲಿ ಎರಡೆರಡು ಶಾಲೆಗಳು ತಾವೇ ಜೋಡಿ ಮಾಡಿಕೊಂಡು ಆಡಬೇಕು. ಗೆದ್ದರೆ ಕಪ್ ಇಬ್ಬರಿಗೂ. ರಾಜ್ಯಮಟ್ಟಕ್ಕೆ ಮಾತ್ರ ಆ ಜೋಡಿಯಲ್ಲಿ ಒಂದೇ ತಂಡ. ಆಟದಲ್ಲಿ ಯಂತ್ರ ಏನು ಮಾಡಿತು ಎಂದು ನೋಡಿ ತೀರ್ಪುಗಾರರು ಆರಿಸುತ್ತಾರೆ.

ನಮಗೆ ಜೋಡಿಯಾದದ್ದು ನಗರದ ಒಂದು ಖಾಸಗಿ ಶಾಲೆ. ಇದ್ದದ್ದು ನಾಲ್ಕೇ ಜೋಡಿ, ಮೊದಲ ಆಟವೇ ಸೆಮಿಫೈನಲ್. ಅದಕ್ಕೆ ಮುಂಚೆ ಅವರ ನಾಯಕಿ ಬಂದು, "ನಾವು ಬಾಲ್ ಹಾಕ್ತೀವಿ, ನೀವು ಎದುರಾಳಿಗಳಿಗೆ ಅಡ್ಡ ನಿಂತ್ಕೊಳ್ಳಿ, ಆಯ್ತಾ?" ಎಂದಳು. ನಾವು ಹಿಂದೆಮುಂದೆ ನೋಡದೆ ಒಪ್ಪಿದೆವು. ನಮ್ಮ ಕಡೆ ಈರುಳ್ಳಿ ಕೀಳುವಾಗ ಮುಯ್ಯಾಳು ಹೋಗುತ್ತಾರೆ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದನ್ನು ಯಾರೂ ಬಾಯಿಬಿಟ್ಟು ಹೇಳಿ ಗಟ್ಟಿ ಮಾಡಿಕೊಳ್ಳುವುದಿಲ್ಲ. ಫೈನಲ್‌ನಲ್ಲಿ ಅವರು ಅಡ್ಡ ನಿಲ್ಲುತ್ತಾರೆ, ಚೆಂಡು ನಾವು ಹಾಕುತ್ತೇವೆ ಎಂದೇ ನಾವಂದುಕೊಂಡೆವು.

ಗುದ್ದಿಸಿಕೊಂಡು ಗುದ್ದಿಸಿಕೊಂಡು ನಮ್ಮ ಯಂತ್ರದ ಮುಂದಿನ ತಗಡು ಸೊಟ್ಟಗಾಯಿತು. ಗೆದ್ದೆವು. ಗೆಳತಿ ತಗಡನ್ನು ನೆಟ್ಟಗೆ ಮಾಡಿ, ಯಂತ್ರದ ಕೈಗೆ ಎಣ್ಣೆ ಬಿಟ್ಟು ತಯಾರಾದಳು. ನಾನು ನಾಯಕಿಯ ಹತ್ತಿರ ಹೋಗಿ, "ಈಗ ನಮ್ ಸರದಿ. ನೀವು ಅಡ್ಡ ನಿಂತ್ಕಳಿ" ಎಂದೆ.

ಅವಳು ನಕ್ಕಳು. "ನೀವು ಸಖತ್ತಾಗಿ ಅಡ್ಡ ನಿಲ್ತೀರ ಕಣ್ರೇ. ಗೆಲ್ತಿರೋ ಪ್ಲಾನ್ ಯಾರಾದ್ರೂ ಚೇಂಜ್ ಮಾಡ್ತಾರಾ?"

ನಾನು ಜೊತೆಗೆ ಬಂದಿದ್ದ ನಮ್ಮ ಮೇಷ್ಟ್ರ ಮುಖ ನೋಡಿದೆ. "ಓಗ್ಲಿ ಬುಡು ಕಣಮ್ಮಿ, ಗೆಲ್ಲೋದು ಮುಖ್ಯ" ಎಂದರು. ಗೆದ್ದೆತ್ತಿನ ಬಾಲ ಹಿಡಿಯುವುದನ್ನು ಯಾರು ಬಿಟ್ಟಾರು!

ಫೈನಲ್ಲೂ ಗೆದ್ದೆವು. ರಾಜ್ಯಮಟ್ಟಕ್ಕೆ ಅವರನ್ನು ಕರೆದರು. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗಾಯಿತು. ಮೈಕಿನಲ್ಲಿ ನಾಯಕಿ, "ಗುಂಡ್ಲುಪೇಟೆಯವರು ನಮಗೆ ತುಂಬಾ ಹೆಲ್ಪ್ ಮಾಡಿದ್ರು" ಎಂದಳು. ನಾವೂ ಆಡಿದ್ದೆವು ಎಂದು ಅವಳು ಹೇಳಲಿಲ್ಲ. ನನ್ನ ಹೊಟ್ಟೆ ಉರಿದುಹೋಯಿತು, ಇವತ್ತಿಗೂ ಆರಿಲ್ಲ. ನಮಗೆ ಕೊಟ್ಟದ್ದು ಉತ್ತಮ ಸಹಕಾರದ ಪ್ರಶಸ್ತಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಮೇಷ್ಟ್ರೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಗೆಳತಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದು ಚೆಂಡನ್ನೂ ಮುಟ್ಟದ ಕೈಯನ್ನು ನೋಡುತ್ತಾ, "ಮುಂದ್ಲ ಸಲ ಕೈ ಬ್ಯಾಡ ಕಣಮ್ಮಿ. ಅಡ್ಡ ನಿಲ್ಲಕೆ ತಗಡೊಂದೇ ಸಾಕು" ಎಂದಳು. ಕೋಪಕ್ಕೆ ಆಡಿದ ಮಾತು ಅಂದುಕೊಂಡೆ.

ಮೇಷ್ಟ್ರು ಅದನ್ನೇ ನಿಜ ಮಾಡಿದರು. ಮರುವರ್ಷ ಕೈ ಬಿಚ್ಚಿಸಿ, ದಪ್ಪ ತಗಡು ಹಾಕಿಸಿ ಕರೆದುಕೊಂಡು ಹೋದರು. ಬಾಗಿಲಲ್ಲೇ ಮೂರು ಶಾಲೆಯವರು ಬಂದು, ನಮಗೇ ಜೋಡಿಯಾಗಿ ಎಂದು ದುಂಬಾಲು ಬಿದ್ದರು. ಅಷ್ಟು ಬೇಡಿಕೆ ನಮಗೆ ಯಾವತ್ತೂ ಇರಲಿಲ್ಲ. ಗೆಳತಿ ಆ ಸಲ ನಮ್ಮ ಜೊತೆ ಬಂದಿರಲಿಲ್ಲ; ಅವಳೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ.