ಅಮ್ಮನ ಪಕ್ಕದ ಜಾಗ

ಕಳೆದ ವಾರ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದಾಗ ಮೂಗಿಗೆ ಒಂದು ಘಾಟು ಬಡಿಯಿತು. ಮರಗೆಣಸಿನಂತೆ ಕಾಣುವ, ಮಣ್ಣು ಮೆತ್ತಿದ ಒಂದು ಬೇರನ್ನು ಯಾರೋ ಮುರಿದು ನೋಡಿ ಅಲ್ಲೇ ಬಿಟ್ಟು ಹೋಗಿದ್ದರು. ಇಲ್ಲಿನವರು ಅದನ್ನು ಹಾರ್ಸ್‌ರಾಡಿಶ್ ಎನ್ನುತ್ತಾರೆ. ಹಸಿ ಸಾಸಿವೆ ಅರೆದಾಗ ಏಳುವಂಥ ಖಾರ. ಕಣ್ಣಲ್ಲಿ ನೀರು ಬಂತು. ಘಾಟಿಗೆ ಬಂದದ್ದೋ ಏನೋ... ಹನ್ನೊಂದು ವರ್ಷದ ಹಿಂದೆ ಮಿಸ್ ಅವರ ಅಡುಗೆಮನೆಯಲ್ಲಿ ನಿಂತು ಇದೇ ಬೇರನ್ನು ತುರಿದುಕೊಟ್ಟಿದ್ದೆ.

ಮಿಸ್ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು. ಎಪ್ಪತ್ತು ದಾಟಿತ್ತು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದರು, ಮದುವೆಯಾಗಿರಲಿಲ್ಲ. ನನ್ನ ಮಗಳು ಅವರ ಬಳಿ ಪಿಯಾನೋ ಕಲಿಯುತ್ತಿದ್ದುದರಿಂದ, ಮೈಸೂರಿನ ನನ್ನ ಬಾಯಿಗೆ ಅವರು ‘ಮಿಸ್’ ಆಗಿಬಿಟ್ಟರು. ಹಾಗೆ ಕರೆದರೆ ನಗುತ್ತಿದ್ದರು.

ಶುಕ್ರವಾರ ಸಂಜೆ ಪಾಠ ಮುಗಿದ ಮೇಲೆ ಮಿಸ್ ಎರಡು ಮೇಣದ ಬತ್ತಿ ಹಚ್ಚಿ, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು, ಹೀಬ್ರೂ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಅದೇ ಕೋಣೆಯ ಗೋಡೆಯ ಮೇಲೆ ಮರದ ಶಿಲುಬೆ. ಭಾನುವಾರ ಬೆಳಿಗ್ಗೆ ತಪ್ಪದೆ ಚರ್ಚು. ಹುಟ್ಟಿದ್ದು ಹ್ಯೂಸ್ಟನ್ನಿನ ಯಹೂದಿ ಮನೆಯಲ್ಲಿ, ತಂದೆಗೆ ಬಟ್ಟೆ ಅಂಗಡಿ. ಆಸ್ಟಿನ್ನಿನಲ್ಲಿ ಓದುವಾಗ ಯೇಸುವನ್ನು ನಂಬಿದರು, ದೀಕ್ಷಾಸ್ನಾನ ಮಾಡಿಸಿಕೊಂಡರು. ಯಾರನ್ನೋ ಪ್ರೀತಿಸಿ ಮಾಡಿದ್ದಲ್ಲ. ನಂಬಿಕೆ ಬಂತು, ಅಷ್ಟೆ. ಅಲ್ಲಿಂದ ಮುಂದೆ ತಂದೆ ಮಾತು ಬಿಟ್ಟರು. ತಾಯಿ ಮಾತ್ರ ತಿಂಗಳಿಗೊಮ್ಮೆ ಗುಟ್ಟಾಗಿ ಫೋನ್ ಮಾಡುತ್ತಿದ್ದರಂತೆ.

ಮಿಸ್ ಇದನ್ನೆಲ್ಲ ಹೇಳಿದ್ದು, ನಾನು ಆ ಬೇರು ತುರಿಯುತ್ತಿದ್ದ ಸಂಜೆ. ಅವರ ಯಹೂದಿ ಪೂರ್ವಿಕರು ಗುಲಾಮಗಿರಿಯಿಂದ ಪಾರಾದದ್ದನ್ನು ನೆನೆಯುವ ಹಬ್ಬದೂಟಕ್ಕೆ ಆ ಖಾರ ಬೇಕು. ಆ ವರ್ಷ ಅದರ ಹಿಂದೆಯೇ ಈಸ್ಟರ್ ಕೂಡ ಬಂದಿತ್ತು. ನಾನು ಕಣ್ಣೊರೆಸಿಕೊಳ್ಳುತ್ತಾ, “ಎರಡೂ ಇಟ್ಕೊಳ್ಳಿ ಮಿಸ್, ಏನೀಗ? ನಮ್ಮಮ್ಮ ದೇವಸ್ಥಾನಕ್ಕೂ ಹೋಗ್ತಿದ್ರು, ದರ್ಗಾಕ್ಕೂ ಹೋಗ್ತಿದ್ರು” ಎಂದೆ. ದೊಡ್ಡ ಸಮಾಧಾನ ಹೇಳಿದೆ ಅಂದುಕೊಂಡಿದ್ದೆ.

ಮಿಸ್ ಬಟ್ಟಲು ತಮ್ಮ ಕಡೆ ಎಳೆದುಕೊಂಡರು. “ನಿಮಗೆ ಇನ್ನೊಬ್ಬ ದೇವರು ಬಂದರೆ ಮನೆ ತುಂಬುತ್ತೆ. ನಮಗೆ ಇರೋದೇ ಒಬ್ಬ. ಅವನು ಕಳಿಸ್ತೀನಿ ಅಂದ ರಕ್ಷಕ ಈಗಾಗಲೇ ಬಂದು ಹೋದನಾ, ಇನ್ನೂ ಬರಬೇಕಾ ಅನ್ನೋದೇ ಜಗಳ. ಇದು ಸಣ್ಣ ಜಗಳ ಅಲ್ಲ.”

ನಾನು ಉಳಿದ ತುಂಡನ್ನು ತುರಿಯತೊಡಗಿದೆ.

ಆ ಬೇಸಿಗೆಯಲ್ಲಿ ಅವರ ಹೃದಯ ಸೋಲುತ್ತಿದೆ ಎಂದು ಡಾಕ್ಟರು ಹೇಳಿದರು. ಮಿಸ್ ಒಂದು ದಿನ ಬಾಗಿಲಲ್ಲಿ ನಿಂತು, ನನ್ನನ್ನು ಹ್ಯೂಸ್ಟನ್ನಿಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು. ಅಲ್ಲಿನ ಯಹೂದಿ ಸ್ಮಶಾನದಲ್ಲಿ ತಂದೆ ಬಹಳ ಹಿಂದೆಯೇ ಮನೆಮಂದಿಗೆಲ್ಲ ಸಾಲಾಗಿ ನಾಲ್ಕು ಜಾಗ ತೆಗೆದಿಟ್ಟಿದ್ದರು. ತಂದೆ, ತಾಯಿ ಆಗಲೇ ಅಲ್ಲಿ ಮಲಗಿದ್ದರು. ತಾಯಿಯ ಪಕ್ಕದ್ದು ಮಗಳಿಗೆ, ಅದರಾಚೆಯದು ಮಗನಿಗೆ, ಅಂದರೆ ಮಿಸ್ ಅವರ ತಮ್ಮನಿಗೆ. ಅವರ ಹತ್ತಿರ ಮಿಸ್ ತಮ್ಮ ಜಾಗ ಕೇಳಬೇಕಿತ್ತು.

ನನ್ನ ಗಂಡ ಧಾರವಾಡದವರು. “ಅಕ್ಕ-ತಮ್ಮನ ನಡುವ ನೀ ಯಾಕ ಬೀಳ್ತಿ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, “ಹೋಗಿ ಬಾ. ಡ್ರೈವ್ ಅಷ್ಟ ಮಾಡು, ಬಾಯಿ ತಗೀಬ್ಯಾಡ” ಎಂದು ಕಾರಿನ ಟೈರಿಗೆ ಗಾಳಿ ತುಂಬಿಸಿಕೊಂಡು ಬಂದರು.

ನಾಲ್ಕೂವರೆ ಗಂಟೆಯ ದಾರಿ. ಮಿಸ್ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಶಾಲೆಯ ಮೊದಲ ದಿನದ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದರು. ತಮ್ಮನನ್ನು ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬಾಗಿಲು ತೆರೆದವರನ್ನು ಕಂಡಾಗ ನನಗೇ ಬೆಚ್ಚಿದಂತಾಯಿತು. ಅದೇ ಮೂಗು, ಮಾತಿಗೆ ಮೊದಲು ತಲೆ ವಾಲಿಸುವ ಅದೇ ರೀತಿ. ತಲೆಯ ಮೇಲೆ ಯಹೂದಿಗಳ ಪುಟ್ಟ ಟೋಪಿಯೊಂದೇ ಬೇರೆ. ಒಳಗೆ ಕರೆದು ಕಾಫಿ ಕೊಟ್ಟರು. ಅಕ್ಕನ ಕಪ್ಪಿಗೆ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿದರು. ಮರೆತಿರಲಿಲ್ಲ.

ಮಿಸ್ ಬಂದ ಕಾರಣ ಹೇಳಿದರು. ಅವರ ತಮ್ಮ ಕಾಫಿ ಕಪ್ಪು ಕೆಳಗಿಟ್ಟರು. ಆಮೇಲೆ, “ನಮ್ಮ ಧರ್ಮದ ಪ್ರಕಾರ ನೀನು ಯಹೂದಿನೇ. ಹುಟ್ಟಿದ್ದನ್ನ ನೀನೂ ಅಳಿಸೋಕೆ ಆಗಲ್ಲ, ನಾನೂ ಅಳಿಸೋಕೆ ಆಗಲ್ಲ. ಆದರೆ ದೀಕ್ಷೆ ತಗೊಂಡವರನ್ನ ಅಲ್ಲಿ ಹೂಳೋಕೆ ನಮ್ಮ ಪ್ರಾರ್ಥನಾಮಂದಿರದ ಸಭೆಯವರು ಒಪ್ಪಲ್ಲ” ಎಂದರು. ಸ್ವಲ್ಪ ಮುಂದೆ ಬಾಗಿದರು. “ಒಂದೇ ಒಂದು ಮಾತು ಹೇಳು. ಆ ನಂಬಿಕೆ ಬಿಟ್ಟೆ ಅಂತ. ಉಳಿದದ್ದು ನಾನು ನೋಡ್ಕೋತೀನಿ. ಅಮ್ಮನ ಪಕ್ಕ ನಿನ್ನನ್ನ ನಾನೇ ಇಡ್ತೀನಿ.”

ಆಜ್ಞೆಯ ದನಿಯಾಗಿರಲಿಲ್ಲ ಅದು. ಬೇಡುತ್ತಿದ್ದರು.

ಮಿಸ್ ತಮ್ಮನ ಕೈ ಹಿಡಿದುಕೊಂಡರು. “ಬಿಟ್ಟಿಲ್ಲವಲ್ಲೋ. ಸುಳ್ಳು ಹೇಳಿ ಅಮ್ಮನ ಪಕ್ಕ ಹೇಗೆ ಮಲಗಲಿ?”

ವಾಪಸ್ ಬರುವಾಗ ದಾರಿಯಲ್ಲಿ ಪೆಟ್ರೋಲಿಗೆಂದು ನಿಲ್ಲಿಸಿದೆ. ಗಂಡನ ಮಾತು ಮರೆತು, ಒಂದು ಮಾತು ತಾನೇ, ಹೇಳಿಬಿಡಬಹುದಿತ್ತಲ್ಲ ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಚರ್ಚಿನ ಪಾದ್ರಿಯೂ ಹೀಗೇ ಹೇಳುತ್ತಾನೆ ಎಂದರು. ಒಳ್ಳೆಯವನು, ಇನ್ನೂ ಚಿಕ್ಕವನು. ಇನ್ನು ಆ ಶುಕ್ರವಾರದ ಬತ್ತಿ ಯಾಕೆ, ನೀವು ಈಗ ನಮ್ಮವರಲ್ಲವೇ ಎನ್ನುತ್ತಾನಂತೆ. “ಅವನಿಗೆ ಬತ್ತಿ ಬಿಟ್ಟರೆ ಸಾಕು, ಇವನಿಗೆ ಶಿಲುಬೆ ಬಿಟ್ಟರೆ ಸಾಕು. ಇಬ್ಬರಿಗೂ ನನ್ನ ಮೇಲೆ ಪ್ರೀತಿನೇ...” ಎಂದು ಕಿಟಕಿಯಾಚೆ ನೋಡುತ್ತಾ ಕೂತರು. 

ಅಕ್ಟೋಬರಿನಲ್ಲಿ ಮಿಸ್ ಹೋಗಿಬಿಟ್ಟರು. ಕೊನೆಯ ತಿಂಗಳಲ್ಲಿ ನನಗೆ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ಉಸಿರಾಡಲೂ ಬಿಡುವಿಲ್ಲದಷ್ಟು ಕೆಲಸ. ಶುಕ್ರವಾರಗಳಂದು ಮಗಳನ್ನು ಒಳಗೆ ಬಿಟ್ಟು, ಬಾಗಿಲಲ್ಲೇ ಕೈಬೀಸಿ ಬಂದುಬಿಡುತ್ತಿದ್ದೆ. ಅದೊಂದು ಇನ್ನೂ ಚುಚ್ಚುತ್ತದೆ.

ಚರ್ಚಿನ ಸ್ಮಶಾನದಲ್ಲಿ ಅಂತ್ಯಕ್ರಿಯೆ. ನಾನು ಫೋನಿನಲ್ಲಿ ವಿಷಯ ತಿಳಿಸಿದಾಗ ಅವರ ತಮ್ಮ “ಸರಿ” ಎಂದಷ್ಟೇ ಹೇಳಿದ್ದರು. ಆದರೂ ಬಂದರು. ಚರ್ಚಿನೊಳಗೆ ಕಾಲಿಡದೆ, ಪ್ರಾರ್ಥನೆ ಮುಗಿಯುವವರೆಗೂ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಪೆಟ್ಟಿಗೆ ಇಳಿಸಿದ ಮೇಲೆ ಮುಂದೆ ಬಂದು ಸಲಿಕೆ ಕೇಳಿದರು. ಅದನ್ನು ಮಗುಚಿ ಹಿಡಿದು, ಸಲಿಕೆಯ ಬೆನ್ನಿನ ಮೇಲೆ ನಿಂತಷ್ಟೇ ಮಣ್ಣನ್ನು ಮೂರು ಸಲ ಹಾಕಿದರು. ಪಾದ್ರಿ ಬೆರಗಾಗಿ ನೋಡಿದರು. ಕಳಿಸಲು ಮನಸ್ಸಿಲ್ಲ ಎಂದು ತೋರಿಸಲು ತಮ್ಮಲ್ಲಿ ಹೀಗೆ ಮಾಡುತ್ತಾರೆಂದು ಆಮೇಲೆ ಮಿಸ್ ಅವರ ತಮ್ಮನೇ ನನಗೆ ಹೇಳಿದರು. ಸಲಿಕೆಯನ್ನು ಪಾದ್ರಿಯ ಕೈಗೆ ಕೊಡದೆ, ಅದೂ ಅವರ ಪದ್ಧತಿಯಂತೆ, ಮಣ್ಣಿಗೆ ಚುಚ್ಚಿ ನಿಲ್ಲಿಸಿದರು. ಪಾದ್ರಿ ಅದನ್ನು ಎತ್ತಿಕೊಂಡು, ಅವರ ಹಾಗೆಯೇ ಮಗುಚಿ ಹಿಡಿದು ಮಣ್ಣು ಹಾಕಿದರು.

ನನ್ನ ಮಗಳು ಈಗ ಆಸ್ಟಿನ್ನಿನಲ್ಲಿ ಓದುತ್ತಿದ್ದಾಳೆ. ಪಿಯಾನೋ ಬಿಟ್ಟಿದ್ದಾಳೆ. ಮೊನ್ನೆ ನಾನು ಕೆಲಸದ ಮೇಲೆ ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ಗೆ ಹೋದವಳು ಮಿಸ್ ಅವರ ತಮ್ಮನಿಗೆ ಫೋನ್ ಮಾಡಿದೆ. ಎಂಬತ್ತರ ಹತ್ತಿರ ಬಂದಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ಬಾ, ಅಮ್ಮನ ಸಮಾಧಿ ತೋರಿಸ್ತೀನಿ ಎಂದರು.

ತಾಯಿಯ ಕಲ್ಲಿನ ಪಕ್ಕ ಬರೀ ಹುಲ್ಲು, ನೀಟಾಗಿ ಕತ್ತರಿಸಿದ್ದು. ಇದನ್ನು ಬೇರೆಯವರಿಗೆ ಕೊಡಿ ಎಂದು ಸಭೆಯವರು ಎರಡು ಸಲ ಕೇಳಿದ್ದಾರಂತೆ.

“ಕೊಡಲ್ಲ ಅಂದೆ” ಎಂದರು. ಕೋಲಿನಿಂದ ಹುಲ್ಲಿನಾಚೆ ತೋರಿಸಿದರು. “ನಂದು ಅದು. ನಡುವೆ ಅವಳ ಜಾಗ ಹಾಗೇ ಇರುತ್ತೆ. ನಾನು ಈ ಕಡೆ ಸರಿದು ಬರಲ್ಲ.”

ಕಾರಿಗೆ ಬಂದು ಕೂತೆ. ಈ ಮಾತು ಕೇಳಬೇಕಾಗಿದ್ದವರು ಒಬ್ಬರೇ, ಮಿಸ್. ಅವರಿಗೆ ಇದು ತಿಳಿಯದೇ ಹೋಯಿತು.